ಐಸ್ ಹಾಕಿ ಕಾಮೆಂಟೇಟರ್ ಆಗುವುದು ಹೇಗೆ? ಮೊದಲ ರೆಕಾರ್ಡಿಂಗ್‌ನಿಂದ ಎನ್‌ಎಚ್‌ಎಲ್ ಬೂತ್‌ವರೆಗೆ

ಟೊರೊಂಟೊ, ಕ್ಯಾಲ್ಗರಿ, ಸ್ಯಾನ್ ಹೊಸೆ ಕಡೆ ಇರುವ ಕನ್ನಡ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಮಗಳಿಗೆ ಐಸ್ ಹಾಕಿ ಕಾಮೆಂಟರಿ ಹುಚ್ಚು ಹಿಡಿದಿದೆ. ಟಿವಿ ಮುಂದೆ ಕೂತು ತಾನೇ ಹೇಳ್ತಾಳೆ. ಅದನ್ನೇ ಕೆಲಸ ಮಾಡಿಕೊಳ್ಳಬಹುದಾ? ಎಲ್ಲಿಂದ ಶುರು ಮಾಡಬೇಕು?" ಕೇಳುವವರು ಹೆಚ್ಚಾಗಿ ಅಪ್ಪ-ಅಮ್ಮ. ಕೆಲವೊಮ್ಮೆ ಕಾಲೇಜಿನ ಹುಡುಗರೇ ಬರೆಯುತ್ತಾರೆ.

ಮಾಡಿಕೊಳ್ಳಬಹುದು. ಆದರೆ ದಾರಿ ಉದ್ದ, ಕುರ್ಚಿಗಳು ಕಡಿಮೆ. ಎನ್‌ಎಚ್‌ಎಲ್, ಅಂದರೆ ಉತ್ತರ ಅಮೆರಿಕದ ಅತಿ ದೊಡ್ಡ ಹಾಕಿ ಲೀಗ್‌ನಲ್ಲಿ ಇರುವುದು 32 ತಂಡ. ಒಂದೊಂದಕ್ಕೆ ಟಿವಿಗೆ ಒಬ್ಬರು, ರೇಡಿಯೊಗೆ ಒಬ್ಬರು. ಕೆಲವು ತಂಡಗಳಲ್ಲಿ ಎರಡಕ್ಕೂ ಒಬ್ಬರೇ. ಅಲ್ಲಿಗೆ ತಲುಪಲು ಧ್ವನಿ ಚೆನ್ನಾಗಿದ್ದರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ. ಸಾಲದು. ಈ ಕೆಲಸದಲ್ಲಿ ಮೊದಲು ಪಳಗಬೇಕಾದ್ದು ಕಣ್ಣು, ಆಮೇಲೆ ನೆನಪು, ಧ್ವನಿ ಅದರ ನಂತರ. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ.

ಮೊದಲು ಒಂದು ಪದ. ಪ್ಲೇ-ಬೈ-ಪ್ಲೇ ಎಂದರೆ ಆಟ ನಡೆಯುತ್ತಿದ್ದ ಹಾಗೇ ಕ್ಷಣಕ್ಷಣಕ್ಕೂ ಹೇಳುವ ಕೆಲಸ. ಆಕಾಶವಾಣಿಯಲ್ಲಿ ನಾವು ಕೇಳಿದ ವೀಕ್ಷಕ ವಿವರಣೆ ಇದೇ. ಪಕ್ಕದಲ್ಲಿ ಕೂತು "ಗೋಲು ಯಾಕೆ ಆಯ್ತು" ಎಂದು ಬಿಡಿಸಿ ಹೇಳುವವರು ಕಲರ್ ಕಾಮೆಂಟೇಟರ್. ಅವರು ಸಾಮಾನ್ಯವಾಗಿ ಮಾಜಿ ಆಟಗಾರರು. ಪ್ಲೇ-ಬೈ-ಪ್ಲೇಗೆ ದೊಡ್ಡ ಮಟ್ಟದಲ್ಲಿ ಆಡಿರಲೇಬೇಕು ಅಂತೇನೂ ಇಲ್ಲ.

ಹಂತ 1: ಆಟ ಕಣ್ಣಿಗೆ ಹತ್ತಬೇಕು

ಆಡುವ ಐಸ್ ಅಂಗಳಕ್ಕೆ ರಿಂಕ್ ಅನ್ನುತ್ತಾರೆ. ಅದು 200 ಅಡಿ ಉದ್ದ, 85 ಅಡಿ ಅಗಲ. ಸುತ್ತ ಗೋಡೆ, ಅದಕ್ಕೆ ಬೋರ್ಡ್ಸ್ ಅನ್ನುತ್ತಾರೆ. ಆಡುವುದು ಪಕ್‌ನಲ್ಲಿ. ಅದು 3 ಇಂಚು ಅಗಲದ, 1 ಇಂಚು ದಪ್ಪದ ರಬ್ಬರ್ ಬಿಲ್ಲೆ. 20 ನಿಮಿಷದ ಮೂರು ಪೀರಿಯಡ್. ಪ್ರತಿ ತಂಡದಿಂದ ಐಸ್ ಮೇಲೆ ಐದು ಜನ, ಜೊತೆಗೆ ಒಬ್ಬ ಗೋಲಿ, ಅಂದರೆ ಗೋಲ್ ಕೀಪರ್.

ಕಷ್ಟ ಇರುವುದು ಇಲ್ಲಿ: ಆ ಐದು ಜನ ಬದಲಾಗುತ್ತಲೇ ಇರುತ್ತಾರೆ. ಒಬ್ಬ ಆಟಗಾರ ಒಮ್ಮೆಗೆ ಐಸ್ ಮೇಲೆ ಇರುವುದು ಸುಮಾರು 45 ಸೆಕೆಂಡ್. ಅದನ್ನು ಶಿಫ್ಟ್ ಅನ್ನುತ್ತಾರೆ. ಆಟ ನಿಲ್ಲದೇ ಇದ್ದಾಗಲೂ ಬೆಂಚಿನಿಂದ ಹಾರಿ ಬರುತ್ತಾರೆ, ಹಾರಿ ಹೋಗುತ್ತಾರೆ. ಎರಡೂ ತಂಡ ಸೇರಿ 40 ಆಟಗಾರರು. ಕ್ರಿಕೆಟ್ ಕಾಮೆಂಟರಿಯಲ್ಲಿ ಎರಡು ಎಸೆತಗಳ ನಡುವೆ ಉಸಿರು ತೆಗೆದುಕೊಳ್ಳಲು ಪುರುಸೊತ್ತು ಸಿಗುತ್ತದೆ. ಇಲ್ಲಿ ಸಿಗುವುದಿಲ್ಲ.

ಈ ಕೆಲವು ಪದಗಳು ನಾಲಿಗೆ ತುದಿಯಲ್ಲೇ ಇರಲಿ. ಬ್ಲೂ ಲೈನ್ ಅಂದರೆ ರಿಂಕನ್ನು ಮೂರು ಭಾಗ ಮಾಡುವ ಎರಡು ನೀಲಿ ಗೆರೆ. ಪಕ್‌ಗಿಂತ ಮೊದಲೇ ದಾಳಿ ಮಾಡುವ ತಂಡದವರು ಎದುರಾಳಿಯ ಬ್ಲೂ ಲೈನ್ ದಾಟಿದರೆ ಆಫ್‌ಸೈಡ್. ತನ್ನ ಅರ್ಧದಿಂದ ಹೊಡೆದ ಪಕ್ ಯಾರಿಗೂ ತಾಗದೆ ಎದುರಾಳಿಯ ಗೋಲ್ ಲೈನ್ ದಾಟಿದರೆ ಐಸಿಂಗ್. ತಪ್ಪು ಮಾಡಿದವನು ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತಿದ್ದಾಗ ಎದುರು ತಂಡಕ್ಕೆ ಒಬ್ಬ ಜಾಸ್ತಿ ಇರುತ್ತಾನೆ, ಅದು ಪವರ್ ಪ್ಲೇ. ಸಣ್ಣ ತಪ್ಪಿಗೆ 2 ನಿಮಿಷ, ದೊಡ್ಡದಕ್ಕೆ 5. ಬಂದ ಪಾಸನ್ನು ನಿಲ್ಲಿಸದೆ ಅಲ್ಲೇ ಹೊಡೆದರೆ ಒನ್-ಟೈಮರ್. ಬೇರೆ ಪದಗಳನ್ನು ನಿಧಾನಕ್ಕೆ ಕಲಿಯಬಹುದು. ಇವನ್ನು ಮಾತ್ರ ಯೋಚಿಸದೇ ಹೇಳುವಂತಾಗಬೇಕು.

ಹಂತ 2: ಫೋನ್ ಹಿಡಿದು ರಿಂಕ್‌ಗೆ ಹೋಗಿ

ಟಿವಿ ಸದ್ದು ನಿಲ್ಲಿಸಿ ಅಭ್ಯಾಸ ಮಾಡುವುದು ಶುರುವಿಗೆ ಪರವಾಗಿಲ್ಲ. ಆದರೆ ಅದರಲ್ಲೇ ಉಳಿಯಬೇಡಿ. ಟಿವಿಯಲ್ಲಿ ಕ್ಯಾಮೆರಾ ಪಕ್ ಹುಡುಕಿ ಕೊಡುತ್ತದೆ. ರಿಂಕ್‌ನಲ್ಲಿ ನೀವೇ ಹುಡುಕಬೇಕು. ಊರಿನ ಜೂನಿಯರ್ ಪಂದ್ಯವೋ ಕಾಲೇಜು ಪಂದ್ಯವೋ ಇದ್ದಾಗ ಮೇಲಿನ ಸಾಲಿನಲ್ಲಿ, ಯಾರೂ ಕೂರದ ಮೂಲೆಯಲ್ಲಿ ಕೂತು ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಪೂರ್ತಿ ಪಂದ್ಯ ಬೇಡ, ಒಂದು ಪೀರಿಯಡ್ ಸಾಕು. 20 ನಿಮಿಷದ ಆಟ ಮುಗಿಯಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲೇ ಹೊಸಬರ ಗಂಟಲು ಸೋತಿರುತ್ತದೆ.

ಮೊದಮೊದಲು ರೆಕಾರ್ಡಿಂಗ್ ಹೀಗಿರುತ್ತದೆ:

"ಶಾಟ್! ಅಬ್ಬಾ! ಎಂಥಾ ಸೇವ್! ಮತ್ತೆ ಶಾಟ್! ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು!"

ಕಣ್ಣು ಮುಚ್ಚಿ ಕೇಳಿ. ಯಾರು ಹೊಡೆದರು? ಎಲ್ಲಿಂದ? ಪಕ್ ಈಗ ಎಲ್ಲಿದೆ? ಒಂದೂ ಗೊತ್ತಾಗುವುದಿಲ್ಲ, ಅಲ್ವಾ? ಈಗ ಇದನ್ನು ನೋಡಿ:

"ಎಡ ಮೂಲೆಯಲ್ಲಿ ಪಕ್. ಹನ್ನೊಂದನೇ ನಂಬರ್ ಬೋರ್ಡ್ಸ್ ಗುಂಟ ಮೇಲಕ್ಕೆ ತಂದ. ಬ್ಲೂ ಲೈನ್‌ನಲ್ಲಿರುವ ಡಿಫೆನ್ಸ್‌ಮನ್‌ಗೆ ಕೊಟ್ಟ. ಅಲ್ಲಿಂದ ಶಾಟ್! ಗೋಲಿಯ ಎಡ ಪ್ಯಾಡ್‌ಗೆ ತಾಗಿ ಬಲಕ್ಕೆ ಹೋಯ್ತು. ಇನ್ನೂ ಅಲ್ಲೇ ಇದೆ…"

ಇದರಲ್ಲಿ ಅಬ್ಬಾ, ಅಯ್ಯೋ ಒಂದೂ ಇಲ್ಲ. ಆದರೂ ಕೇಳುವವರು ಕುರ್ಚಿ ತುದಿಗೆ ಬರುತ್ತಾರೆ. ಪಕ್ ಎಲ್ಲಿದೆ, ಯಾರ ಹತ್ತಿರ ಇದೆ, ಯಾವ ಕಡೆ ಹೋಗುತ್ತಿದೆ: ಈ ಮೂರು ತಪ್ಪದಿದ್ದರೆ ರೋಮಾಂಚನ ತಾನಾಗಿಯೇ ಬರುತ್ತದೆ. ಕನ್ನಡದಲ್ಲೇ ಅಭ್ಯಾಸ ಶುರು ಮಾಡಿದರೂ ಅಡ್ಡಿಯಿಲ್ಲ. ಕಣ್ಣಿಗೂ ಬಾಯಿಗೂ ಹೊಂದಿಕೆ ಬರುವುದು ಮುಖ್ಯ. ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ ಮಾತ್ರ ಇಂಗ್ಲಿಷ್ ಕಾಮೆಂಟರಿ ಸರಾಗವಾಗಿರಬೇಕು. ಕ್ವಿಬೆಕ್ ಕಡೆ ಆದರೆ ಫ್ರೆಂಚ್.

ಎಚ್ಚರಿಕೆ: ರೆಕಾರ್ಡ್ ಮಾಡಿ ಕೇಳದೇ ಬಿಡಬೇಡಿ. ಕೇಳುವಾಗ ಒಂದು ಹಾಳೆಯಲ್ಲಿ ಗುರುತು ಹಾಕಿ. ಸ್ಕೋರ್ ಎಷ್ಟು ಸಲ ಹೇಳಿದಿರಿ? ಸಮಯ? ಒಂದೇ ಪದ ಎಷ್ಟು ಸಲ ಬಂತು? ಬೇಸ್‌ಬಾಲ್ ಕಾಮೆಂಟೇಟರ್ ರೆಡ್ ಬಾರ್ಬರ್ ಮೈಕ್ ಪಕ್ಕ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮರಳು ಸುರಿದು ಮುಗಿದಾಗೆಲ್ಲ ಸ್ಕೋರ್ ಹೇಳಿ, ತಿರುಗಿಸಿ ಇಡುತ್ತಿದ್ದರು. ಹಾಕಿಗೂ ಇದು ಒಳ್ಳೆಯ ಅಭ್ಯಾಸ. ರೇಡಿಯೊ ಈಗ ತಾನೇ ಹಾಕಿದವರಿಗೆ ಮೊದಲು ಬೇಕಾಗುವುದು ಸ್ಕೋರ್.

ಹಂತ 3: ಚಾರ್ಟ್ ಮಾಡುವುದನ್ನು ಕಲಿಯಿರಿ

ಹೊರಗಿನವರಿಗೆ ಕಾಣದ, ಆದರೆ ಅರ್ಧ ಕೆಲಸ ಅಡಗಿರುವ ಜಾಗ ಇದು. ಕಾಮೆಂಟೇಟರ್ ಮುಂದೆ ಒಂದು ಗಟ್ಟಿ ಹಾಳೆ ಇರುತ್ತದೆ. ಎಡಕ್ಕೆ ಒಂದು ತಂಡ, ಬಲಕ್ಕೆ ಇನ್ನೊಂದು. ಆಟಗಾರರನ್ನು ನಂಬರ್ ಪ್ರಕಾರ ಬರೆಯಬೇಡಿ, ಅವರು ಆಡುವ ಲೈನ್ ಪ್ರಕಾರ ಬರೆಯಿರಿ. ಲೈನ್ ಅಂದರೆ ಒಟ್ಟಿಗೆ ಐಸ್‌ಗೆ ಇಳಿಯುವ ಮೂವರು ಫಾರ್ವರ್ಡ್‌ಗಳ ಗುಂಪು: ಎಡ ವಿಂಗ್, ಸೆಂಟರ್, ಬಲ ವಿಂಗ್. ಸಾಮಾನ್ಯವಾಗಿ ಒಂದು ತಂಡಕ್ಕೆ ನಾಲ್ಕು ಲೈನ್, ಮೂರು ಡಿಫೆನ್ಸ್ ಜೋಡಿ. ಒಬ್ಬನ ನಂಬರ್ ಕಂಡರೆ ಜೊತೆಯಲ್ಲಿರುವ ಇಬ್ಬರು ಯಾರು ಅಂತ ಊಹಿಸಲು ಆಗ ಸುಲಭ.

ಪ್ರತಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಊರು, ಈ ಸೀಸನ್‌ನ ಗೋಲು, ಕಳೆದ ಐದು ಪಂದ್ಯದ ಲೆಕ್ಕ, ಒಂದು ಒಳ್ಳೆಯ ಸಂಗತಿ. ಒಂದೇ. ಬಣ್ಣದ ಪೆನ್ ಬಳಸಿ: ಗೋಲಿನ ಲೆಕ್ಕ ಒಂದು ಬಣ್ಣ, ಗಾಯದ ಸುದ್ದಿ ಇನ್ನೊಂದು.

ಲೈನ್ ಗೊತ್ತಾಗುವುದು ಪಂದ್ಯದ ದಿನ ಬೆಳಗಿನ ಮಾರ್ನಿಂಗ್ ಸ್ಕೇಟ್‌ನಲ್ಲಿ. ಅದು ತಂಡದ ಹಗುರ ಅಭ್ಯಾಸ. ಅಲ್ಲಿಗೆ ತಪ್ಪದೇ ಹೋಗಿ. ಯಾರು ಯಾರ ಜೊತೆ ಸ್ಕೇಟ್ ಮಾಡುತ್ತಿದ್ದಾರೆ ನೋಡಿ. ಬೆನ್ನ ಮೇಲಿನ ನಂಬರ್ ಕಾಣದಿದ್ದಾಗ ಗುರುತು ಹಿಡಿಯಲು ಬೇರೆ ಗುರುತು ಹುಡುಕಿ: ಸ್ಟಿಕ್ ಎಡಗೈ ಕಡೆ ಹಿಡಿಯುತ್ತಾನಾ ಬಲಗೈ ಕಡೆಯಾ, ಓಟದಲ್ಲಿ ಬಾಗುವ ರೀತಿ, ಎತ್ತರ, ಸ್ಟಿಕ್‌ಗೆ ಸುತ್ತಿದ ಟೇಪ್‌ನ ಬಣ್ಣ. ಮುಖ ನೋಡಿ ಗುರುತಿಸಲು ಹೋದರೆ ಹೆಲ್ಮೆಟ್ ಅಡ್ಡ ಬರುತ್ತದೆ.

ಹೆಸರುಗಳ ಉಚ್ಚಾರಣೆಯಲ್ಲಿ ಉದಾಸೀನ ಬೇಡ. ಲೀಗ್‌ನಲ್ಲಿ ಫಿನ್ಲೆಂಡ್, ಸ್ವೀಡನ್, ರಷ್ಯಾ, ಝೆಕ್ ಆಟಗಾರರು ತುಂಬಾ ಇದ್ದಾರೆ. ಎನ್‌ಎಚ್‌ಎಲ್ ಉಚ್ಚಾರಣೆಯ ಪಟ್ಟಿಯನ್ನೇ ಕೊಡುತ್ತದೆ. ಸಣ್ಣ ಲೀಗ್‌ನಲ್ಲಿ ತಂಡದ ಮಾಧ್ಯಮ ಸಿಬ್ಬಂದಿಯನ್ನು ಕೇಳಿ, ಆಗದಿದ್ದರೆ ಆಟಗಾರನನ್ನೇ ಕೇಳಿ. ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲ ಇದೆ. ಫಿನ್ನಿಷ್ ಹೆಸರಿನ ಹ್ರಸ್ವ, ದೀರ್ಘ, ಒತ್ತು ನಮ್ಮ ಲಿಪಿಯಲ್ಲಿ ಚೆನ್ನಾಗಿ ಕೂರುತ್ತವೆ. 'ಮಿಕ್ಕೊ' ಎಂದು ಚಾರ್ಟ್‌ನಲ್ಲಿ ಕನ್ನಡದಲ್ಲಿ ಬರೆದುಕೊಂಡರೆ ತಪ್ಪುವ ಮಾತೇ ಇಲ್ಲ. ಮಗನ ಹೆಸರು ಸರಿಯಾಗಿ ಕೇಳಬೇಕು ಅಂತ ದೂರದ ಊರಿನಲ್ಲಿ ಒಂದು ಕುಟುಂಬ ರಾತ್ರಿ ಎದ್ದು ಕೂತಿರುತ್ತದೆ. ಅವರ ಮರ್ಯಾದೆ ನಿಮ್ಮ ಬಾಯಲ್ಲಿದೆ.

ಎಚ್ಚರಿಕೆ: ಬರೆದದ್ದನ್ನೆಲ್ಲ ಹೇಳಲು ಹೋಗಬೇಡಿ. ಚಾರ್ಟ್‌ನ ಹತ್ತರಲ್ಲಿ ಒಂದು ಪಾಲು ಬಳಕೆಯಾದರೆ ಅದು ಒಳ್ಳೆಯ ರಾತ್ರಿ. ಪಕ್ ಗೋಲಿನ ಮುಂದಿದ್ದಾಗ ಆಟಗಾರನ ಹುಟ್ಟೂರಿನ ಕಥೆ ಹೇಳುತ್ತಿದ್ದರೆ ಗೋಲೇ ತಪ್ಪಿಹೋಗುತ್ತದೆ.

ಹಂತ 4: ರೇಡಿಯೊ ಬೇರೆ, ಟಿವಿ ಬೇರೆ

ಹಾಕಿ ಕಾಮೆಂಟರಿ ಹುಟ್ಟಿದ್ದೇ ರೇಡಿಯೊದಲ್ಲಿ. ಫಾಸ್ಟರ್ ಹೆವಿಟ್ 1923ರಲ್ಲಿ ಟೊರೊಂಟೊದಿಂದ ಪಂದ್ಯ ಹೇಳಲು ಶುರು ಮಾಡಿದರು. 'ಹೀ ಶೂಟ್ಸ್, ಹೀ ಸ್ಕೋರ್ಸ್' ಎಂಬ ಮಾತು ಮನೆಮನೆಗೆ ಹೋದದ್ದು ಅವರಿಂದ. ಇವತ್ತಿಗೂ ಹಾಕಿ ಪ್ರಸಾರಕರಿಗೆ ಸಿಗುವ ದೊಡ್ಡ ಗೌರವ ಅವರ ಹೆಸರಿನ ಸ್ಮಾರಕ ಪ್ರಶಸ್ತಿಯೇ.

ರೇಡಿಯೊದಲ್ಲಿ ನೀವೇ ಕ್ಯಾಮೆರಾ, ಎಲ್ಲ ಹೇಳಬೇಕು. ಟಿವಿಯಲ್ಲಿ ಕಾಣುತ್ತಿರುವುದನ್ನು ಮತ್ತೆ ಹೇಳಿದರೆ ಜನಕ್ಕೆ ಬೇಸರ. ಹೆಸರು ಹೇಳಿ, ಆಟದ ಬಿಸಿಗೆ ತಕ್ಕಂತೆ ಧ್ವನಿ ಏರಿಸಿ, ಗೋಲಾದ ಮೇಲೆ ಸುಮ್ಮನಿರಿ. ಜನರ ಕೂಗು ಕೇಳಿಸಲಿ. ಹೊಸಬರಿಗೆ ಅತಿ ಕಷ್ಟದ್ದು ಈ ಸುಮ್ಮನಿರುವುದೇ. 50 ವರ್ಷ ಈ ಕೆಲಸ ಮಾಡಿ 2019ರಲ್ಲಿ ನಿವೃತ್ತರಾದ ನ್ಯೂಫೌಂಡ್‌ಲ್ಯಾಂಡ್‌ನ ಬಾಬ್ ಕೋಲ್ ಅವರ ಹಳೆಯ ಪಂದ್ಯಗಳನ್ನು ಹುಡುಕಿ ಕೇಳಿ. ಧ್ವನಿಯನ್ನು ಎಲ್ಲಿ ತಡೆದು, ಎಲ್ಲಿ ಬಿಡುತ್ತಾರೆ ಗಮನಿಸಿ. ಕ್ರಿಯಾಪದಗಳ ಸಂಪತ್ತು ನೋಡಬೇಕಿದ್ದರೆ ಮೈಕ್ ಎಮ್ರಿಕ್. ಪಕ್ ಒಬ್ಬರಿಂದ ಒಬ್ಬರಿಗೆ ಹೋಗುವುದನ್ನು ಅವರಷ್ಟು ಬಗೆಯಲ್ಲಿ ಹೇಳಿದವರು ಕಡಿಮೆ.

ಕಲಿಯುವವರು ರೇಡಿಯೊದಿಂದಲೇ ಶುರು ಮಾಡಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಎಲ್ಲವನ್ನೂ ಹೇಳಲು ಬಂದವರಿಗೆ ಆಮೇಲೆ ಕಡಿಮೆ ಮಾಡುವುದು ಬರುತ್ತದೆ. ಉಲ್ಟಾ ದಾರಿ ಕಷ್ಟ.

ಎಚ್ಚರಿಕೆ: ಒಂದು ಪಂಚ್ ಡೈಲಾಗ್ ಮೊದಲೇ ಬರೆದಿಟ್ಟುಕೊಂಡು ಗೋಲಿಗೆ ಕಾಯಬೇಡಿ. ಜನ ನೆನಪಿಟ್ಟುಕೊಂಡ ಮಾತುಗಳು ಆ ಕ್ಷಣಕ್ಕೆ ಅಂಟಿಕೊಂಡಿರುತ್ತವೆ. 1993ರಲ್ಲಿ ಬಫೆಲೊ ತಂಡದ ಬ್ರ್ಯಾಡ್ ಮೇ ಓವರ್‌ಟೈಮ್‌ನಲ್ಲಿ, ಅಂದರೆ ಸ್ಕೋರ್ ಸಮವಾದಾಗ ಆಡುವ ಹೆಚ್ಚುವರಿ ಸಮಯದಲ್ಲಿ, ಗೋಲು ಹೊಡೆದಾಗ ಕಾಮೆಂಟೇಟರ್ ರಿಕ್ ಜೆನರೆಟ್ ಕೂಗಿದ 'ಮೇ ಡೇ' ಹಾಗಿನದು. ಬೇರೆಯವನ ಗೋಲಿಗೆ ಅದು ಹೊಂದುವುದೇ ಇಲ್ಲ.

ಹಂತ 5: ಓದು ಮತ್ತು ವೀಸಾ

ಡಿಗ್ರಿ ಕಡ್ಡಾಯ ಅಲ್ಲ. ಆದರೆ ಕೋರ್ಸ್ ಸೇರಿದರೆ ಮೈಕ್ ಸಿಗುತ್ತದೆ, ಪಂದ್ಯ ಸಿಗುತ್ತದೆ. ಕೆನಡಾದಲ್ಲಿ ಟೊರೊಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ಸ್ಪೋರ್ಟ್ ಮೀಡಿಯಾ, ವ್ಯಾಂಕೂವರ್ ಕಡೆಯ ಬಿಸಿಐಟಿ, ಎಡ್ಮಂಟನ್‌ನ ಎನ್‌ಎಐಟಿ ಎಂಬ ಕಾಲೇಜುಗಳು ಪ್ರಸಾರ ಶಿಕ್ಷಣಕ್ಕೆ ಹೆಸರಾದವು. ಅಮೆರಿಕದಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದಿಂದ ಬಂದ ಕ್ರೀಡಾ ಕಾಮೆಂಟೇಟರ್‌ಗಳು ಬಹಳ. ಒಹಾಯೊದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದಲ್ಲಿ ಕಾಲೇಜು ಹಾಕಿಯೂ ಇದೆ. ಎಮ್ರಿಕ್ ಪಿಎಚ್‌ಡಿ ಮಾಡಿದ್ದು ಅಲ್ಲೇ, 'ಡಾಕ್' ಅಂತ ಹೆಸರು ಬಂದದ್ದೂ ಅದರಿಂದಲೇ.

ಕಾಲೇಜು ಆಯ್ಕೆ ಮಾಡುವಾಗ ರ‍್ಯಾಂಕಿಂಗ್ ನೋಡಬೇಡಿ. ಎರಡು ಪ್ರಶ್ನೆ ಕೇಳಿ: ಇಲ್ಲಿ ಹಾಕಿ ತಂಡ ಇದೆಯಾ? ಮೊದಲ ವರ್ಷದ ವಿದ್ಯಾರ್ಥಿಗೆ ಪಂದ್ಯ ಹೇಳಲು ಬಿಡುತ್ತೀರಾ?

ಭಾರತದಿಂದ ಓದಲು ಹೋಗುವವರು ಇದನ್ನು ಎರಡು ಸಲ ಓದಿ. ಅಮೆರಿಕದಲ್ಲಿ ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ ಅವಧಿ ಸಾಮಾನ್ಯವಾಗಿ 12 ತಿಂಗಳು. ವಿಜ್ಞಾನ, ತಂತ್ರಜ್ಞಾನದ ಪಟ್ಟಿಯಲ್ಲಿರುವ ಕೋರ್ಸ್‌ಗಳಿಗಷ್ಟೇ ಅದು ಮುಂದುವರಿಯುತ್ತದೆ. ಸಣ್ಣ ಹಾಕಿ ತಂಡವೊಂದು ನಿಮಗಾಗಿ ವೀಸಾ ಖರ್ಚು ಹೊರುತ್ತದೆ ಎಂದು ನಂಬಿ ಸಾಲ ಮಾಡಬೇಡಿ. ಕೆನಡಾದಲ್ಲೂ ಕಾಲೇಜು ಡಿಪ್ಲೊಮಾ ನಂತರದ ಕೆಲಸದ ಪರ್ಮಿಟ್ ನಿಯಮ 2024ರ ಕೊನೆಗೆ ಬಿಗಿಯಾಗಿದೆ. ನಿಮ್ಮ ಕೋರ್ಸ್ ಅದರ ಪಟ್ಟಿಯಲ್ಲಿ ಇದೆಯಾ ಎಂದು ಶುಲ್ಕ ಕಟ್ಟುವ ಮುಂಚೆ ಸರ್ಕಾರದ ಸೈಟ್‌ನಲ್ಲೇ ನೋಡಿ. ಏಜೆಂಟ್ ಮಾತು ಸಾಲದು.

ಹಂತ 6: ಡೆಮೊ

ಡೆಮೊ ಅಂದರೆ ನಿಮ್ಮ ಕಾಮೆಂಟರಿಯ ಮಾದರಿ ರೆಕಾರ್ಡಿಂಗ್. ಗೋಲುಗಳನ್ನೇ ಕತ್ತರಿಸಿ ಅಂಟಿಸಿ ಕಳಿಸುವುದು ಎಲ್ಲರೂ ಮಾಡುವ ತಪ್ಪು. ಗೋಲು ಯಾರು ಬೇಕಾದರೂ ಕೂಗುತ್ತಾರೆ. ಆಯ್ಕೆ ಮಾಡುವವರಿಗೆ ಬೇಕಾದ್ದು ಏನೂ ಆಗದ ಐದು ನಿಮಿಷ. ಎರಡೂ ಕಡೆ ಪಕ್ ಓಡಾಡುತ್ತಿರುವಾಗ ನೀವು ದಾರಿ ತಪ್ಪದೆ ಹೇಳುತ್ತೀರಾ ಅಂತ ನೋಡುತ್ತಾರೆ. ಹಾಗಾಗಿ ಒಂದು ನಿಮಿಷದ ಗೋಲು ತುಣುಕು, ಅದರ ನಂತರ ಕತ್ತರಿಸದ ಐದಾರು ನಿಮಿಷ, ಒಂದು ಚಿಕ್ಕ ಸಂದರ್ಶನ. ಅತ್ಯುತ್ತಮವಾದದ್ದು ಮೊದಲ 30 ಸೆಕೆಂಡ್‌ನಲ್ಲಿ ಬರಲಿ. ಹಿನ್ನೆಲೆ ಸಂಗೀತ ಬೇಡ.

ಹಂತ 7: ಸಣ್ಣ ಲೀಗ್, ದೊಡ್ಡ ಬಸ್ ಪ್ರಯಾಣ

ಏಣಿ ಹೀಗಿದೆ. ಕೆಳಗೆ ಜೂನಿಯರ್ ಹಾಕಿ: ಕೆನಡಾದಲ್ಲಿ ಒಎಚ್‌ಎಲ್, ಡಬ್ಲ್ಯುಎಚ್‌ಎಲ್, ಕ್ವಿಬೆಕ್ ಲೀಗ್. ಅಮೆರಿಕದಲ್ಲಿ ಯುಎಸ್‌ಎಚ್‌ಎಲ್. ಅದರ ಮೇಲೆ ವೃತ್ತಿಪರ ಲೀಗ್‌ಗಳು: ಮೊದಲು ಇಸಿಎಚ್‌ಎಲ್, ಅದರ ಮೇಲೆ ಎಎಚ್‌ಎಲ್, ಕೊನೆಗೆ ಎನ್‌ಎಚ್‌ಎಲ್. ಕಾಲೇಜು ಹಾಕಿ ಪಕ್ಕದ ದಾರಿ. 2024ರ ಜನವರಿಯಲ್ಲಿ ಶುರುವಾದ ಮಹಿಳೆಯರ ಪಿಡಬ್ಲ್ಯುಎಚ್‌ಎಲ್ ಇನ್ನಷ್ಟು ಕುರ್ಚಿ ತಂದಿದೆ.

ಸಣ್ಣ ತಂಡದಲ್ಲಿ ಕಾಮೆಂಟರಿ ನಿಮ್ಮ ಕೆಲಸದ ಒಂದು ಭಾಗ ಅಷ್ಟೇ. ಜಾಹೀರಾತಿನಲ್ಲಿ 'ಬ್ರಾಡ್‌ಕಾಸ್ಟಿಂಗ್ ಮತ್ತು ಮೀಡಿಯಾ ರಿಲೇಶನ್ಸ್' ಎಂದಿರುತ್ತದೆ. ಬೆಳಿಗ್ಗೆ ಪತ್ರಿಕಾ ಪ್ರಕಟಣೆ, ಅಂಕಿಅಂಶದ ಹಾಳೆ, ಸೋಷಿಯಲ್ ಮೀಡಿಯಾ, ಆಟಗಾರರ ಸಂದರ್ಶನ. ಕೆಲವು ಕಡೆ ಟಿಕೆಟ್ ಮಾರಬೇಕು, ಜಾಹೀರಾತು ತರಬೇಕು. ಸಂಜೆ ಒಬ್ಬರೇ ಕೂತು ಮೂರು ಗಂಟೆ ಪಂದ್ಯ, ಇಂಟರ್‌ಮಿಷನ್‌ನಲ್ಲೂ ನಿಮ್ಮದೇ ಮಾತು. ಪಂದ್ಯ ಮುಗಿದ ಮೇಲೆ ವರದಿ ಬರೆದು, ಸಾಮಾನು ಕಟ್ಟಿ, ತಂಡದ ಜೊತೆ ರಾತ್ರಿಯಿಡೀ ಬಸ್. ಸಂಬಳ ಕಡಿಮೆ. ಸೀಸನ್ ಮುಗಿದ ಮೇಲೆ ಬೇಸಿಗೆಯಲ್ಲಿ ಬೇರೆ ಕೆಲಸ ನೋಡಿಕೊಳ್ಳುವವರು ಇದ್ದಾರೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಆದರೂ ಇದನ್ನು ಹೇಗೋ ಕಳೆಯಬೇಕಾದ ಕಾಲ ಎಂದುಕೊಳ್ಳಬೇಡಿ. ಎಎಚ್‌ಎಲ್‌ನಲ್ಲಿ ಸೀಸನ್‌ಗೆ 72 ಪಂದ್ಯ. ಅಷ್ಟು ಅಭ್ಯಾಸ ಬೇರೆ ಎಲ್ಲೂ ಸಿಗುವುದಿಲ್ಲ. ಎಮ್ರಿಕ್ 1973ರಲ್ಲಿ ಶುರು ಮಾಡಿದ್ದು ಮಿಷಿಗನ್‌ನ ಪೋರ್ಟ್ ಹ್ಯೂರನ್ ಎಂಬ ಸಣ್ಣ ಊರಿನ ತಂಡದಲ್ಲಿ. ಎವರೆಟ್ ಫಿಟ್ಝ್‌ಹ್ಯೂ ಇಸಿಎಚ್‌ಎಲ್‌ನ ಸಿನ್ಸಿನಾಟಿ ಸೈಕ್ಲೋನ್ಸ್‌ನಿಂದ 2020ರಲ್ಲಿ ಸಿಯಾಟಲ್ ಕ್ರಾಕನ್ ರೇಡಿಯೊಗೆ ಬಂದರು. ಎನ್‌ಎಚ್‌ಎಲ್ ತಂಡವೊಂದರ ಪೂರ್ಣಾವಧಿ ಪ್ಲೇ-ಬೈ-ಪ್ಲೇ ಹುದ್ದೆ ಪಡೆದ ಮೊದಲ ಕಪ್ಪು ಕಾಮೆಂಟೇಟರ್ ಅವರು.

ಚೀಲದಲ್ಲಿ ಏನಿರಬೇಕು? ಹೆಡ್‌ಸೆಟ್, ಚಿಕ್ಕ ಮಿಕ್ಸರ್, ಜನರ ಸದ್ದು ಹಿಡಿಯಲು ಬೇರೊಂದು ಮೈಕ್, ಹೆಚ್ಚುವರಿ ವೈರ್, ಉದ್ದದ ಎಕ್ಸ್‌ಟೆನ್ಶನ್ ಬೋರ್ಡ್. ರಿಂಕ್‌ನ ವೈಫೈ ನಂಬಬೇಡಿ. ಜನ ತುಂಬಿದ ತಕ್ಷಣ ಅದು ಕೈಕೊಡುತ್ತದೆ. ಇಂಟರ್ನೆಟ್ ಕೇಬಲ್ ಎಲ್ಲಿದೆ ಅಂತ ಮಧ್ಯಾಹ್ನವೇ ವಿಚಾರಿಸಿ. ಹಳೆಯ ರಿಂಕ್‌ಗಳಲ್ಲಿ ಚಳಿ ಜಾಸ್ತಿ, ಬೆರಳು ತೆರೆದಿರುವ ಗ್ಲೌಸ್ ಇರಲಿ. ಉಗುರುಬೆಚ್ಚಗಿನ ನೀರು ಗುಟುಕು ಗುಟುಕಾಗಿ ಕುಡಿಯಿರಿ. ಗಂಟಲಿನಿಂದ ಕೂಗಬೇಡಿ, ಹೊಟ್ಟೆಯಿಂದ ಉಸಿರು ತನ್ನಿ. ಮೊದಲ ಪೀರಿಯಡ್‌ನಲ್ಲೇ ಧ್ವನಿಯನ್ನು ತುದಿಗೆ ಏರಿಸಿದರೆ ಓವರ್‌ಟೈಮ್‌ಗೆ ಏನೂ ಉಳಿಯುವುದಿಲ್ಲ. ಪ್ಲೇಆಫ್‌ನಲ್ಲಿ ಗೋಲು ಆಗುವವರೆಗೂ 20 ನಿಮಿಷದ ಪೀರಿಯಡ್‌ಗಳು ಮುಂದುವರಿಯುತ್ತವೆ ಎಂಬುದು ನೆನಪಿರಲಿ.

ಇನ್ನೊಂದು ಬಲೆ ಪಕ್ಷಪಾತ. ತಂಡವೇ ಸಂಬಳ ಕೊಡುವಾಗ ಸ್ವಲ್ಪ ಒಲವು ಕೇಳುಗರೂ ಒಪ್ಪುತ್ತಾರೆ. ಆದರೆ ಎದುರಾಳಿಯ ಒಳ್ಳೆಯ ಗೋಲನ್ನು ಸಪ್ಪೆ ಧ್ವನಿಯಲ್ಲಿ ಹೇಳಿದರೆ, ರೆಫರಿಯನ್ನು ಬೈಯುತ್ತಾ ಕೂತರೆ, ಆ ರೆಕಾರ್ಡಿಂಗ್ ಮುಂದಿನ ಕೆಲಸಕ್ಕೆ ಬರುವುದಿಲ್ಲ.

ಹಂತ 8: ಮೇಲಿನ ಬಾಗಿಲು

ಎನ್‌ಎಚ್‌ಎಲ್‌ಗೆ ನೇರ ಪರೀಕ್ಷೆ ಇಲ್ಲ. ಒಬ್ಬರು ನಿವೃತ್ತರಾಗಬೇಕು, ಅಥವಾ ರಜೆ ಹಾಕಬೇಕು. ಹೆಚ್ಚಿನವರಿಗೆ ಮೊದಲ ಅವಕಾಶ ಬದಲಿಯಾಗಿ ಬರುತ್ತದೆ. ಆ ಒಂದು ರಾತ್ರಿಗೆ ತಯಾರಿರಬೇಕು ಅಂದರೆ ಮೇಲಿನ ಲೀಗ್‌ನ ತಂಡದ ಚಾರ್ಟ್ ಕೂಡ ನಿಮ್ಮ ಹತ್ತಿರ ಸದಾ ಹೊಸದಾಗಿರಬೇಕು. ಪರದೆ ನೋಡಿ ದೂರದಿಂದ ಹೇಳುವ ಅಭ್ಯಾಸವೂ ಇರಲಿ. 2020ರ ಪ್ಲೇಆಫ್ ಪಂದ್ಯಗಳನ್ನು ಎಮ್ರಿಕ್ ಮಿಷಿಗನ್‌ನ ಮನೆಯಿಂದಲೇ ಹೇಳಿದರು.

ನಮ್ಮಂಥವರಿಗೆ ಜಾಗ ಇದೆಯಾ ಎಂದು ಕೇಳುವವರು ಹರ್ನಾರಾಯಣ್ ಸಿಂಗ್ ಅವರನ್ನು ನೋಡಿ. ಆಲ್ಬರ್ಟಾದ ಬ್ರೂಕ್ಸ್ ಎಂಬ ಊರಿನ ಹುಡುಗ. 2008ರಲ್ಲಿ 'ಹಾಕಿ ನೈಟ್ ಇನ್ ಕೆನಡಾ' ಎಂಬ ಶನಿವಾರದ ಟಿವಿ ಕಾರ್ಯಕ್ರಮದ ಪಂಜಾಬಿ ಪ್ರಸಾರ ಶುರುವಾದಾಗ ಪ್ರತಿ ವಾರ ಕ್ಯಾಲ್ಗರಿಯಿಂದ ಟೊರೊಂಟೊಗೆ ಸ್ವಂತ ಖರ್ಚಿನಲ್ಲಿ ವಿಮಾನ ಹತ್ತಿ ಹೋಗುತ್ತಿದ್ದರು. 2016ರಲ್ಲಿ ಎನ್‌ಎಚ್‌ಎಲ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸ್ಟ್ಯಾನ್ಲಿ ಕಪ್ ಫೈನಲ್‌ನ ಮೊದಲ ಪಂದ್ಯದಲ್ಲಿ ಪಿಟ್ಸ್‌ಬರ್ಗ್‌ನ ನಿಕ್ ಬೊನಿನೊ ಸ್ಯಾನ್ ಹೊಸೆ ವಿರುದ್ಧ ಗೆಲುವಿನ ಗೋಲು ಹೊಡೆದಾಗ ಇವರು 'ಬೊನಿನೊ ಬೊನಿನೊ' ಎಂದು ಕೂಗುತ್ತಲೇ ಹೋದರು. ಆ ತುಣುಕು ಎಲ್ಲೆಡೆ ಹರಡಿತು. ಗೆದ್ದ ಮೇಲೆ ಪಿಟ್ಸ್‌ಬರ್ಗ್ ತಂಡ ಪಂಜಾಬಿ ಕಾಮೆಂಟರಿ ಬಳಗವನ್ನು ವಿಜಯೋತ್ಸವಕ್ಕೇ ಕರೆಸಿತು. ಅದೇ ವರ್ಷ ಅವರು ಇಂಗ್ಲಿಷ್ ಎನ್‌ಎಚ್‌ಎಲ್ ಪ್ರಸಾರದಲ್ಲೂ ಕಾಣಿಸಿಕೊಂಡರು. ಜನ ಒಂದು ರಾತ್ರಿಯ ಕೂಗು ನೋಡಿದರು. ಅದರ ಹಿಂದೆ ಎಂಟು ವರ್ಷದ ಶನಿವಾರಗಳಿದ್ದವು.

ಅರ್ಜಿಯ ಸಮಯದ ಬಗ್ಗೆ ಒಂದು ಮಾತು. ಸಣ್ಣ ಲೀಗ್‌ಗಳಲ್ಲಿ ಖಾಲಿ ಜಾಗ ಹೆಚ್ಚು ಕಾಣುವುದು ಸೀಸನ್ ಮುಗಿದ ಮೇಲೆ, ಬೇಸಿಗೆಯಲ್ಲಿ. ಅಕ್ಟೋಬರ್‌ಗೆ ಹೊಸ ಸೀಸನ್ ಶುರುವಾಗಿಬಿಡುತ್ತದೆ. ಹಾಗಾಗಿ ಮಾರ್ಚ್ ತಿಂಗಳಲ್ಲೇ ಒಳ್ಳೆಯ ತುಣುಕುಗಳನ್ನು ಬೇರೆ ಮಾಡಿಡಿ. ಏಪ್ರಿಲ್‌ನಲ್ಲಿ ಹಿರಿಯ ಕಾಮೆಂಟೇಟರ್ ಒಬ್ಬರಿಗೆ ಕಳಿಸಿ ಅಭಿಪ್ರಾಯ ಕೇಳಿ. ಕೆಲಸ ಕೇಳಬೇಡಿ, ತಪ್ಪು ತೋರಿಸಿ ಅಂತ ಕೇಳಿ. ಉತ್ತರ ಬಂದರೆ ಅವರು ಹೇಳಿದ್ದನ್ನು ಸರಿ ಮಾಡಿದ ಹೊಸ ರೆಕಾರ್ಡಿಂಗನ್ನು ಮುಂದಿನ ಸೀಸನ್ ಶುರುವಾದ ಮೇಲೆ ಅವರಿಗೇ ಮತ್ತೆ ಕಳಿಸಿ.